ಮೂರೆಯಾ ದ್ವೀಪದ ಕ್ರೂಸ್ ತೀರವಿಹಾರ

ಮೂರೆಯಾ ದ್ವೀಪದ ಕ್ರೂಸ್ ತೀರವಿಹಾರ ಎಂಬುದು ದಕ್ಷಿಣ ಪೆಸಿಫಿಕ್ ಸಾಗರದ ಫ್ರೆಂಚ್ ಪಾಲಿನೇಷಿಯಾಕ್ಕೆ ಸೇರಿದ ಮೂರೆಯಾ ದ್ವೀಪದಲ್ಲಿ, ಕ್ರೂಸ್ ಹಡಗು ಲಂಗರು ಹಾಕಿ ನಿಂತಿರುವ ಅವಧಿಯಲ್ಲಿ ಪ್ರಯಾಣಿಕರು ದಡಕ್ಕಿಳಿದು ಕೈಗೊಳ್ಳುವ ಅಲ್ಪಾವಧಿಯ ಪ್ರವಾಸವಾಗಿದೆ. ಹಡಗು ಕಂಪನಿಗಳು ಇದನ್ನು ಶೋರ್ ಎಕ್ಸ್‌ಕರ್ಷನ್ ಎಂಬ ಹೆಸರಿನಲ್ಲಿ ಮಾರಾಟ ಮಾಡುತ್ತವೆ. ಲಗೂನ್‌ನಲ್ಲಿ ದೋಣಿವಿಹಾರ, ತೊರಕೆ ಮೀನು ಮತ್ತು ಶಾರ್ಕ್‌ಗಳ ವೀಕ್ಷಣೆ, ದ್ವೀಪದ ಸುತ್ತು ಪ್ರಯಾಣ, ಪುರಾತನ ಕಲ್ಲಿನ ಆರಾಧನಾ ಸ್ಥಳಗಳ ಭೇಟಿ, ಅನಾನಸು ತೋಟಗಳ ವೀಕ್ಷಣೆ ಹಾಗೂ ಋತುವಿಗನುಸಾರವಾಗಿ ತಿಮಿಂಗಿಲ ವೀಕ್ಷಣೆ ಇದರ ಮುಖ್ಯ ಬಗೆಗಳಾಗಿವೆ.

ಸುಮಾರು 17 ಸಾವಿರ ಜನರು ವಾಸಿಸುವ ಈ ದ್ವೀಪಕ್ಕೆ ಒಂದೇ ದಿನದಲ್ಲಿ ನೂರಾರು, ಕೆಲವೊಮ್ಮೆ ಸಾವಿರಕ್ಕೂ ಮಿಕ್ಕಿದ ಪ್ರವಾಸಿಗರು ಬಂದಿಳಿದು ಸಂಜೆಯೊಳಗೆ ಹಿಂದಿರುಗುತ್ತಾರೆ. ತೀರವಿಹಾರವು ದ್ವೀಪವಾಸಿಗಳಿಗೆ ಆದಾಯದ ಮೂಲವಾಗಿರುವಂತೆಯೇ, ಅವರ ಮೀನುಗಾರಿಕೆ ಹಾಗೂ ದೈನಂದಿನ ಜೀವನಕ್ಕೆ ಆಧಾರವಾದ ಲಗೂನ್‌ನ ಮೇಲೆ ಒತ್ತಡವನ್ನೂ ತರುತ್ತದೆ. ಒಂದು ಸಣ್ಣ ದ್ವೀಪವು ಒಂದು ದಿನದಲ್ಲಿ ಎಷ್ಟು ಅತಿಥಿಗಳನ್ನು ತಾಳಿಕೊಳ್ಳಬಲ್ಲದು ಎಂಬ ಪ್ರಶ್ನೆ ಇಲ್ಲಿನ ಪ್ರವಾಸೋದ್ಯಮ ನೀತಿಯ ಕೇಂದ್ರದಲ್ಲಿದೆ.

ಹೆಸರು

ತಾಹಿತಿ ಭಾಷೆಯಲ್ಲಿ 'ಮೊಒ' ಎಂದರೆ ಹಲ್ಲಿ, 'ರೆಆ' ಎಂದರೆ ಹಳದಿ. ಈ ಎರಡು ಪದಗಳು ಸೇರಿ 'ಹಳದಿ ಹಲ್ಲಿ' ಎಂಬ ಅರ್ಥದ ದ್ವೀಪನಾಮ ಉಂಟಾಗಿದೆ. 18 ಮತ್ತು 19ನೆಯ ಶತಮಾನಗಳ ಯುರೋಪಿಯನ್ ನಾವಿಕರ ಬರಹಗಳಲ್ಲಿ ದ್ವೀಪವನ್ನು 'ಐಮೆಯೊ' ಎಂಬ ಹಳೆಯ ಹೆಸರಿನಿಂದ ಉಲ್ಲೇಖಿಸಲಾಗಿದೆ. ಉಚ್ಚಾರಣೆಯಲ್ಲಿ ಎರಡು 'ಒ' ಸ್ವರಗಳ ನಡುವೆ ಚಿಕ್ಕ ತಡೆಯಿರುತ್ತದೆ. ಕನ್ನಡ ಬರವಣಿಗೆಯಲ್ಲಿ ಮೂರೆಯಾ, ಮೊರೆಯಾ, ಮೂರಿಯಾ ಎಂಬ ರೂಪಗಳನ್ನು ಬಳಸಬಹುದಾಗಿದ್ದು, ಈ ಲೇಖನದಲ್ಲಿ ಮೊದಲನೆಯ ರೂಪವನ್ನು ಅನುಸರಿಸಲಾಗಿದೆ.

ಭೌಗೋಳಿಕ ಹಿನ್ನೆಲೆ

ಮೂರೆಯಾ ಸೊಸೈಟಿ ದ್ವೀಪಸಮೂಹದ ಒಂದು ದ್ವೀಪವಾಗಿದ್ದು, ತಾಹಿತಿಯ ವಾಯವ್ಯಕ್ಕೆ ಸುಮಾರು 17 ಕಿ.ಮೀ. ದೂರದಲ್ಲಿದೆ. ವಿಸ್ತೀರ್ಣ ಸುಮಾರು 134 ಚದರ ಕಿ.ಮೀ. ದ್ವೀಪವು ಸುಮಾರು 15ರಿಂದ 20 ಲಕ್ಷ ವರ್ಷಗಳ ಹಿಂದೆ ಉಂಟಾದ ಜ್ವಾಲಾಮುಖಿಯ ಅವಶೇಷವಾಗಿದೆ. ಜ್ವಾಲಾಮುಖಿಯ ಉತ್ತರ ಭಾಗವು ಕುಸಿದು, ಸವೆದು ಹೋಗಿರುವುದರಿಂದ ಆ ದಿಕ್ಕಿನಲ್ಲಿ ಎರಡು ಆಳವಾದ ಕೊಲ್ಲಿಗಳು ಒಳನಾಡಿನವರೆಗೆ ಚಾಚಿಕೊಂಡಿವೆ. ಪೂರ್ವದ ಕೊಲ್ಲಿಯು ಪಾವೊಪಾವೊ ಅಥವಾ ಕುಕ್ ಕೊಲ್ಲಿ ಎಂದೂ, ಪಶ್ಚಿಮದ್ದು ಒಪುನೊಹು ಕೊಲ್ಲಿ ಎಂದೂ ಪ್ರಸಿದ್ಧವಾಗಿವೆ. ಇವೆರಡರ ನಡುವೆ 899 ಮೀ. ಎತ್ತರದ ರೊಟುಯಿ ಪರ್ವತವಿದೆ. 1,207 ಮೀ. ಎತ್ತರದ ತೊಹಿವೆಯಾ ದ್ವೀಪದ ಅತ್ಯುನ್ನತ ಶಿಖರವಾಗಿದೆ.

ದಡದಿಂದ ಸ್ವಲ್ಪ ದೂರದಲ್ಲಿ ಹವಳದ ದಿಬ್ಬವು ದ್ವೀಪವನ್ನು ಉಂಗುರದಂತೆ ಸುತ್ತುವರಿದಿದೆ. ದಿಬ್ಬಕ್ಕೂ ದಡಕ್ಕೂ ನಡುವೆ ಇರುವ ತಿಳಿನೀರಿನ ಕಡಲಭಾಗವೇ ಲಗೂನ್. ತೆರೆದ ಸಾಗರದ ಅಲೆಗಳು ದಿಬ್ಬದ ಮೇಲೆ ಒಡೆದುಹೋಗುವುದರಿಂದ ಲಗೂನ್ ಶಾಂತವಾಗಿರುತ್ತದೆ. ಎದೆಮಟ್ಟದ ನೀರಿನಲ್ಲಿ ನಿಂತು ಮೀನುಗಳನ್ನು ನೋಡಲು ಸಾಧ್ಯವಾಗುವುದು ಈ ಕಾರಣದಿಂದಲೇ. ನದಿಗಳ ಸಿಹಿನೀರು ಹರಿದು ಸೇರುವ ಕಡೆ ಹವಳವು ಬೆಳೆಯುವುದಿಲ್ಲವಾದ್ದರಿಂದ, ಕೊಲ್ಲಿಗಳ ಎದುರು ದಿಬ್ಬದಲ್ಲಿ ಬಿರುಕುಗಳಂತಹ ದಾರಿಗಳು ಉಳಿದಿವೆ. ದೊಡ್ಡ ಹಡಗುಗಳು ಈ ದಾರಿಗಳ ಮೂಲಕ ಒಳಬಂದು ಕೊಲ್ಲಿಯ ಆಳದಲ್ಲಿ ಲಂಗರು ಹಾಕುತ್ತವೆ.

ನವೆಂಬರ್‌ನಿಂದ ಏಪ್ರಿಲ್‌ವರೆಗೆ ಸೆಕೆ ಮತ್ತು ಮಳೆ ಹೆಚ್ಚು. ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಹವೆ ತುಲನಾತ್ಮಕವಾಗಿ ತಂಪಾಗಿಯೂ ಒಣದಾಗಿಯೂ ಇರುತ್ತದೆ. ಈ ಅವಧಿಯಲ್ಲಿ ಬೀಸುವ ಆಗ್ನೇಯ ಮಾರುತಕ್ಕೆ ಸ್ಥಳೀಯರು 'ಮರಾಮು' ಎನ್ನುತ್ತಾರೆ.

ಇತಿಹಾಸ

ಆರಂಭದ ಹಡಗುಗಳು

ಪಾಲಿನೇಷಿಯನ್ ಜನರು ಜೋಡಿ ದೋಣಿಗಳಲ್ಲಿ ಪಶ್ಚಿಮದಿಂದ ಬಂದು ಯುರೋಪಿಯನ್ನರಿಗಿಂತ ಅನೇಕ ಶತಮಾನಗಳ ಮೊದಲೇ ಈ ದ್ವೀಪಗಳಲ್ಲಿ ನೆಲೆಸಿದ್ದರು. 1767ರಲ್ಲಿ ಬ್ರಿಟಿಷ್ ನಾವಿಕ ಸ್ಯಾಮ್ಯುಯೆಲ್ ವಾಲಿಸ್ ಮೂರೆಯಾವನ್ನು ಕಂಡನು. 1769ರ ಜೂನ್ 3ರಂದು ಶುಕ್ರಗ್ರಹವು ಸೂರ್ಯಬಿಂಬದ ಮೇಲೆ ಹಾದುಹೋಗುವುದನ್ನು ವೀಕ್ಷಿಸಲು ಜೇಮ್ಸ್ ಕುಕ್ ತಾಹಿತಿಗೆ ಬಂದಿದ್ದಾಗ, ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ಇದ್ದ ಒಂದು ತಂಡವನ್ನು ಅದೇ ವೀಕ್ಷಣೆಗಾಗಿ ಮೂರೆಯಾಕ್ಕೆ ಕಳುಹಿಸಿದ್ದನು.

ಕುಕ್ ತಾನೇ ಈ ದ್ವೀಪದಲ್ಲಿ ಲಂಗರು ಹಾಕಿದ್ದು ತನ್ನ ಮೂರನೆಯ ಯಾನದಲ್ಲಿ, 1777ರಲ್ಲಿ. ಅವನ ಹಡಗುಗಳು ನಿಂತಿದ್ದುದು ಇಂದು ಅವನ ಹೆಸರನ್ನು ಹೊತ್ತಿರುವ ಕೊಲ್ಲಿಯಲ್ಲಲ್ಲ, ಪಕ್ಕದ ಒಪುನೊಹು ಕೊಲ್ಲಿಯಲ್ಲಿ. ಮೇಯಲು ದಡಕ್ಕೆ ಬಿಟ್ಟಿದ್ದ ಮೇಕೆಯೊಂದು ಕಳುವಾದಾಗ ಕುಕ್ ಸಶಸ್ತ್ರ ತಂಡದೊಂದಿಗೆ ದ್ವೀಪದೊಳಕ್ಕೆ ನುಗ್ಗಿ ಮನೆಗಳನ್ನೂ ದೋಣಿಗಳನ್ನೂ ಸುಡಿಸಿದನು. ಬಳಿಕ ಮೇಕೆಯನ್ನು ಹಿಂದಿರುಗಿಸಲಾಯಿತು. ದೋಣಿಯೊಂದನ್ನು ಕಟ್ಟಲು ದೀರ್ಘಕಾಲದ ಶ್ರಮ ಬೇಕಾಗಿದ್ದ ಸಮಾಜದಲ್ಲಿ ಇದು ಭಾರಿ ನಷ್ಟವಾಗಿತ್ತು. ಹಡಗು ಬಂದು ಹೋದ ನಂತರ ಅದರ ಪರಿಣಾಮಗಳು ದಡದಲ್ಲಿಯೇ ಉಳಿಯುತ್ತವೆ ಎಂಬುದಕ್ಕೆ ಈ ಘಟನೆ ಆರಂಭಿಕ ನಿದರ್ಶನವಾಗಿದೆ.

1835ರ ನವೆಂಬರ್‌ನಲ್ಲಿ ತಾಹಿತಿಗೆ ಬಂದ ಚಾರ್ಲ್ಸ್ ಡಾರ್ವಿನ್ ಅಲ್ಲಿನ ಬೆಟ್ಟದ ಇಳಿಜಾರಿನಿಂದ ಮೂರೆಯಾವನ್ನು ನೋಡಿ, ಹವಳದ ದಿಬ್ಬದ ನಡುವೆ ನಿಂತ ದ್ವೀಪವನ್ನು ಚೌಕಟ್ಟು ಹಾಕಿದ ಚಿತ್ರಕ್ಕೆ ಹೋಲಿಸಿದನು. ಜ್ವಾಲಾಮುಖಿ ದ್ವೀಪವು ನಿಧಾನವಾಗಿ ಕುಸಿಯುತ್ತಿದ್ದಂತೆ ಹವಳವು ಮೇಲಕ್ಕೆ ಬೆಳೆಯುತ್ತ ಕೊನೆಗೆ ವರ್ತುಲಾಕಾರದ ಹವಳದ್ವೀಪವಷ್ಟೇ ಉಳಿಯುತ್ತದೆ ಎಂಬ ಸಿದ್ಧಾಂತವನ್ನು ಅವನು 1842ರಲ್ಲಿ ಪ್ರಕಟವಾದ ಹವಳದ ದಿಬ್ಬಗಳ ಕುರಿತ ಗ್ರಂಥದಲ್ಲಿ ಮಂಡಿಸಿದನು. ಅದೇ 1842ರಲ್ಲಿ ತಾಹಿತಿ ಮತ್ತು ಮೂರೆಯಾ ಫ್ರಾನ್ಸಿನ ರಕ್ಷಣೆಗೊಳಪಟ್ಟವು. 1880ರಲ್ಲಿ ದೊರೆ ಐದನೆಯ ಪೊಮಾರೆ ಇವುಗಳನ್ನು ಫ್ರಾನ್ಸಿಗೆ ಒಪ್ಪಿಸಿದನು.

ಕ್ರೂಸ್ ಪ್ರವಾಸೋದ್ಯಮದ ಬೆಳವಣಿಗೆ

1960ರ ದಶಕದ ಆರಂಭದಲ್ಲಿ ತಾಹಿತಿಯ ಫಾಆ ವಿಮಾನ ನಿಲ್ದಾಣವು ಜೆಟ್ ವಿಮಾನಗಳಿಗೆ ತೆರೆದುಕೊಂಡ ನಂತರ ಪ್ರವಾಸಿಗರ ಸಂಖ್ಯೆ ಹೆಚ್ಚತೊಡಗಿತು. ಕ್ಯಾಲಿಫೋರ್ನಿಯಾದಿಂದ ಬಂದು ಮೂರೆಯಾದಲ್ಲಿ ವೆನಿಲ್ಲಾ ತೋಟ ಕೊಂಡಿದ್ದ ಮೂವರು ಗೆಳೆಯರು ಅದೇ ದಶಕದಲ್ಲಿ ಇಲ್ಲಿ ಹೋಟೆಲು ಆರಂಭಿಸಿದರು. ನೀರಿನ ಮೇಲೆ ಕಂಬಗಳನ್ನು ನೆಟ್ಟು ಕಟ್ಟುವ ಕುಟೀರಗಳ ಮಾದರಿಯನ್ನು 1967ರಲ್ಲಿ ರಾಯಾಟೆಯಾ ದ್ವೀಪದಲ್ಲಿ ಮೊದಲಿಗೆ ರೂಪಿಸಿದವರೂ ಇವರೇ.

ಪಾಲ್ ಗೋಗ್ಯಾಂ ಎಂಬ ಹಡಗು 1998ರಿಂದ ಪಪೀಟೆ ಬಂದರನ್ನು ನೆಲೆಯಾಗಿಸಿಕೊಂಡು ಸುಮಾರು 330 ಪ್ರಯಾಣಿಕರೊಂದಿಗೆ ಈ ದ್ವೀಪಗಳ ನಡುವೆ ಸಂಚರಿಸತೊಡಗಿತು. ಅದರ ಬೆನ್ನಿಗೆ ಇನ್ನೊಂದು ಕಂಪನಿಯ ಎರಡು ಹಡಗುಗಳೂ ಬಂದವು. 2001ರ ಸೆಪ್ಟೆಂಬರ್ ತಿಂಗಳಿನಲ್ಲಿ ಆ ಕಂಪನಿಯು ಮುಚ್ಚಿಹೋದಾಗ ಹಡಗುಗಳು ಪಪೀಟೆಯಲ್ಲಿ ನಿಂತುಬಿಟ್ಟವು. 2020ರ ಮಾರ್ಚ್‌ನಲ್ಲಿ ಕೋವಿಡ್ ಸಾಂಕ್ರಾಮಿಕದ ಕಾರಣ ಕ್ರೂಸ್ ಸಂಚಾರ ಮತ್ತೊಮ್ಮೆ ನಿಂತಿತು. ಹಡಗನ್ನು ನಂಬಿದ ಆದಾಯವು ದೂರದ ಘಟನೆಗಳಿಂದ ಎಷ್ಟು ಬೇಗನೆ ಇಲ್ಲವಾಗಬಹುದು ಎಂಬುದನ್ನು ಈ ಎರಡೂ ಸಂದರ್ಭಗಳು ತೋರಿಸಿದವು.

ದಡಕ್ಕಿಳಿಯುವ ವಿಧಾನ

ಮೂರೆಯಾದಲ್ಲಿ ದೊಡ್ಡ ಕ್ರೂಸ್ ಹಡಗುಗಳನ್ನು ನೇರವಾಗಿ ಕಟ್ಟಿ ನಿಲ್ಲಿಸುವ ಧಕ್ಕೆಯಿಲ್ಲ. ಆದ್ದರಿಂದ ಹಡಗು ಸಾಮಾನ್ಯವಾಗಿ ಒಪುನೊಹು ಅಥವಾ ಕುಕ್ ಕೊಲ್ಲಿಯ ನಡುವೆ ಲಂಗರು ಹಾಕುತ್ತದೆ. ಹಡಗಿನ ಬದಿಗೆ ತೂಗುಹಾಕಿರುವ ಟೆಂಡರ್ ಎಂಬ ಚಿಕ್ಕ ದೋಣಿಗಳನ್ನು ನೀರಿಗಿಳಿಸಿ, ಪ್ರಯಾಣಿಕರನ್ನು ತಂಡ ತಂಡವಾಗಿ ಜೆಟ್ಟಿಗೆ ಸಾಗಿಸಲಾಗುತ್ತದೆ. ಒಪುನೊಹು ಕೊಲ್ಲಿಯಲ್ಲಿ ನಿಂತ ಹಡಗುಗಳ ಪ್ರಯಾಣಿಕರು ಪಪೆತೊವಾಯಿ ಗ್ರಾಮದಲ್ಲಿಯೂ, ಕುಕ್ ಕೊಲ್ಲಿಯಲ್ಲಿ ನಿಂತವುಗಳ ಪ್ರಯಾಣಿಕರು ಪಾವೊಪಾವೊ ಗ್ರಾಮದಲ್ಲಿಯೂ ಇಳಿಯುತ್ತಾರೆ. ಗಾಳಿ ಜೋರಾಗಿದ್ದರೆ ಟೆಂಡರ್ ಸಂಚಾರ ತಡವಾಗುವುದು ಅಥವಾ ರದ್ದಾಗುವುದು ಉಂಟು.

ಹಡಗು ಬಂದ ದಿನ ಪಪೆತೊವಾಯಿ ಜೆಟ್ಟಿಯ ಬಳಿ ಉಕುಲೇಲೆ ವಾದ್ಯದೊಂದಿಗೆ ಹಾಡುವವರು, ಹೂಮಾಲೆ ಹಾಗೂ ಕರಕುಶಲ ವಸ್ತುಗಳನ್ನು ಮಾರುವವರು, ದೋಣಿ ಮತ್ತು ವಾಹನ ಬಾಡಿಗೆಗೆ ಕೊಡುವವರು ಸೇರುತ್ತಾರೆ. ಬಣ್ಣ ಹಾಕಿದ 'ಪರೆಯು' ವಸ್ತ್ರ, ಕಪ್ಪು ಮುತ್ತು, ಮರದ ಕೆತ್ತನೆ ಹಾಗೂ ಮೊನೊಯಿ ಎಣ್ಣೆ ಇಲ್ಲಿನ ಸಾಮಾನ್ಯ ಸರಕುಗಳು. ತಾಹಿತಿಯ ತಿಯಾರೆ ಹೂವನ್ನು ಕೊಬ್ಬರಿ ಎಣ್ಣೆಯಲ್ಲಿ ನೆನೆಸಿ ತಯಾರಿಸುವ ಮೊನೊಯಿಗೆ 1992ರಲ್ಲಿ ಮೂಲಸ್ಥಾನದ ಮಾನ್ಯತೆ ದೊರೆತಿದೆ.

ಪ್ರಯಾಣಿಕರಿಗೆ ಎರಡು ಆಯ್ಕೆಗಳಿರುತ್ತವೆ. ಒಂದು, ಹಡಗಿನಲ್ಲಿಯೇ ಮುಂಗಡವಾಗಿ ಕಾಯ್ದಿರಿಸುವ ವಿಹಾರ. ಇನ್ನೊಂದು, ಸ್ಥಳೀಯರಿಂದ ನೇರವಾಗಿ ಕೊಳ್ಳುವ ವಿಹಾರ. ಮೊದಲನೆಯದರಲ್ಲಿ ತಂಡವು ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ, ಆದರೆ ಬೆಲೆ ಹೆಚ್ಚು ಹಾಗೂ ಅದರ ಒಂದು ಭಾಗ ಮಧ್ಯವರ್ತಿಗಳಿಗೆ ಸೇರುತ್ತದೆ. ಎರಡನೆಯದರಲ್ಲಿ ಹಣವು ದ್ವೀಪದವರ ಕೈಗೆ ನೇರವಾಗಿ ತಲುಪುತ್ತದೆ, ಆದರೆ ಸಮಯಕ್ಕೆ ಹಿಂದಿರುಗುವ ಹೊಣೆ ಸಂಪೂರ್ಣವಾಗಿ ಪ್ರಯಾಣಿಕರದ್ದೇ ಆಗಿರುತ್ತದೆ.

ವಿಹಾರದ ಬಗೆಗಳು

ಲಗೂನ್ ವಿಹಾರ

ಅತ್ಯಂತ ಜನಪ್ರಿಯವಾದ ಬಗೆ ಇದು. ಯಂತ್ರಚಾಲಿತ ದೋಣಿಯಲ್ಲಿ ಉತ್ತರ ತೀರದ ಆಳವಿಲ್ಲದ ಮರಳು ಪ್ರದೇಶಕ್ಕೆ ಕರೆದೊಯ್ದು ಪ್ರವಾಸಿಗರನ್ನು ನೀರಿಗಿಳಿಸಲಾಗುತ್ತದೆ. ಗುಲಾಬಿ ಛಾಯೆಯ ತೊರಕೆ ಮೀನುಗಳು ಮತ್ತು ರೆಕ್ಕೆಯ ತುದಿ ಕಪ್ಪಾಗಿರುವ ಶಾರ್ಕ್‌ಗಳು ಜನರ ಸುತ್ತಲೂ ಈಜುತ್ತವೆ. ಕಪ್ಪುತುದಿಯ ಶಾರ್ಕ್ ಸಾಮಾನ್ಯವಾಗಿ ಮನುಷ್ಯನಿಗಿಂತ ಚಿಕ್ಕದಾಗಿದ್ದು, ಕೆಣಕದಿದ್ದರೆ ಅಪಾಯಕಾರಿಯಲ್ಲ. ತೊರಕೆ ಮೀನಿನ ಬಾಲದಲ್ಲಿ ವಿಷದ ಮುಳ್ಳಿರುವುದರಿಂದ ಅದನ್ನು ತುಳಿಯದಂತೆ ಪಾದಗಳನ್ನು ಮರಳಿನ ಮೇಲೆ ಜಾರಿಸುತ್ತ ನಡೆಯಲು ಮಾರ್ಗದರ್ಶಕರು ಸೂಚಿಸುತ್ತಾರೆ.

ಬಳಿಕ ಹವಳದ ತೋಟ ಎಂದು ಕರೆಯಲಾಗುವ ಸ್ಥಳಗಳಲ್ಲಿ ಮುಖಗವಸು ಮತ್ತು ಉಸಿರಾಟದ ನಳಿಕೆ ಧರಿಸಿ ಮೀನುಗಳನ್ನು ವೀಕ್ಷಿಸುವ ಸ್ನಾರ್ಕೆಲಿಂಗ್ ನಡೆಯುತ್ತದೆ. ಅನೇಕ ವಿಹಾರಗಳು 'ಮೊಟು' ಎಂಬ ಚಿಕ್ಕ ಹವಳದ ನಡುಗಡ್ಡೆಯಲ್ಲಿ ಊಟದೊಂದಿಗೆ ಮುಗಿಯುತ್ತವೆ. ಪಕ್ಕಕ್ಕೆ ಸಮತೋಲನದ ಮರ ಕಟ್ಟಿದ 'ವಾಆ' ಎಂಬ ಸಾಂಪ್ರದಾಯಿಕ ದೋಣಿಯಲ್ಲಿ ಹುಟ್ಟು ಹಾಕುತ್ತ ಸಾಗುವ ವಿಹಾರಗಳೂ ಲಭ್ಯವಿವೆ.

ದ್ವೀಪದ ಸುತ್ತು ಮತ್ತು ಒಪುನೊಹು ಕಣಿವೆ

ಕರಾವಳಿಯನ್ನು ಅನುಸರಿಸಿ ದ್ವೀಪವನ್ನು ಸುತ್ತುವ ರಸ್ತೆಯ ಉದ್ದ ಸುಮಾರು 60 ಕಿ.ಮೀ. ಬಸ್ಸು ಅಥವಾ ಜೀಪಿನಲ್ಲಿ ಅರ್ಧ ದಿನದೊಳಗೆ ಈ ಸುತ್ತು ಮುಗಿಯುತ್ತದೆ. ಇದರ ಮುಖ್ಯ ಆಕರ್ಷಣೆ ಒಪುನೊಹು ಕಣಿವೆಯ ಮೇಲ್ಭಾಗದ ಬೆಲ್ವೆಡೇರ್ ವೀಕ್ಷಣಾ ಸ್ಥಳ. ಇಲ್ಲಿಂದ ರೊಟುಯಿ ಪರ್ವತವೂ ಅದರ ಎರಡು ಬದಿಯ ಕೊಲ್ಲಿಗಳೂ ಒಂದೇ ನೋಟಕ್ಕೆ ಸಿಗುತ್ತವೆ. 1984ರ 'ದಿ ಬೌಂಟಿ' ಚಲನಚಿತ್ರದ ಚಿತ್ರೀಕರಣ ನಡೆದ ಸ್ಥಳಗಳಲ್ಲಿ ಒಪುನೊಹು ಕೊಲ್ಲಿಯೂ ಒಂದು.

ಬೆಲ್ವೆಡೇರ್‌ಗೆ ಹೋಗುವ ದಾರಿಯಲ್ಲಿ 'ಮರಾಯೆ' ಎಂಬ ಕಲ್ಲಿನ ಆರಾಧನಾ ಅಂಗಳಗಳಿವೆ. ತಿತಿರೊವಾ ಮತ್ತು ಅಹು ಒ ಮಹಿನೆ ಇವುಗಳಲ್ಲಿ ಪ್ರಸಿದ್ಧವಾದವು. ಪೂಜೆ, ಪಟ್ಟಾಭಿಷೇಕ ಹಾಗೂ ಯುದ್ಧದ ನಿರ್ಣಯಗಳಿಗೆ ಮರಾಯೆಗಳು ಕೇಂದ್ರವಾಗಿದ್ದವು. ಪುರಾತತ್ತ್ವಜ್ಞ ಕೆನೆತ್ ಎಮೊರಿ 1920ರ ದಶಕದಲ್ಲಿ ಇಲ್ಲಿ ಸಮೀಕ್ಷೆ ನಡೆಸಿದನು. 1960ರ ದಶಕದಲ್ಲಿ ಯೊಸಿಹಿಕೊ ಸಿನೊಟೊ ನೇತೃತ್ವದಲ್ಲಿ ಕೆಲವನ್ನು ಜೀರ್ಣೋದ್ಧಾರಗೊಳಿಸಲಾಯಿತು. ಸಮೀಪದಲ್ಲಿರುವ ಬಿಲ್ಲುಗಾರಿಕೆಯ ಕಟ್ಟೆಗಳು ವಿಶಿಷ್ಟವಾಗಿವೆ. ಇಲ್ಲಿ ಬಿಲ್ಲುವಿದ್ಯೆಯು ಯುದ್ಧಕಲೆಯಾಗಿರದೆ ಮುಖ್ಯಸ್ಥರ ಪವಿತ್ರ ಕ್ರೀಡೆಯಾಗಿತ್ತು. ಗುರಿಗಿಂತ ಬಾಣ ಸಾಗುವ ದೂರಕ್ಕೆ ಪ್ರಾಮುಖ್ಯವಿತ್ತು. ಕಲ್ಲುಗಳ ಮೇಲೆ ಹತ್ತುವುದನ್ನು ಸ್ಥಳೀಯರು ಅಗೌರವವೆಂದು ಪರಿಗಣಿಸುತ್ತಾರೆ.

ಮಾರ್ಗದರ್ಶಕರು ತಪ್ಪದೆ ಹೇಳುವ ಐತಿಹ್ಯವೊಂದು 830 ಮೀ. ಎತ್ತರದ ಮೌವಾ ಪುಟಾ ಶಿಖರಕ್ಕೆ ಸಂಬಂಧಿಸಿದೆ. ಈ ಹೆಸರಿಗೆ 'ತೂತು ಬಿದ್ದ ಬೆಟ್ಟ' ಎಂದರ್ಥ. ಕಳ್ಳರ ದೇವತೆಯಾದ ಹಿರೊ ಒಂದು ರಾತ್ರಿ ರೊಟುಯಿ ಪರ್ವತವನ್ನು ಕದ್ದು ರಾಯಾಟೆಯಾಕ್ಕೆ ಸಾಗಿಸಲು ಬಂದನಂತೆ. ಅದನ್ನು ತಿಳಿದ ವೀರ ಪಾಯಿ ತಾಹಿತಿಯಿಂದಲೇ ಭರ್ಜಿಯನ್ನೆಸೆದಾಗ ಅದು ಶಿಖರವನ್ನು ತೂರಿಹೋಯಿತು. ಸದ್ದಿಗೆ ಕೋಳಿಗಳು ಎಚ್ಚೆತ್ತು ಕೂಗಿದ್ದರಿಂದ ಹಿರೊ ಬರಿಗೈಯಲ್ಲಿ ಓಡಿಹೋದನೆಂಬುದು ಕಥೆ.

ಪಾವೊಪಾವೊ ಕಣಿವೆಯಲ್ಲಿ ಅನಾನಸು ತೋಟಗಳಿವೆ. ಇಲ್ಲಿ ಬೆಳೆಯುವ ಚಿಕ್ಕ ಗಾತ್ರದ, ಸಿಹಿಯಾದ ತಳಿಯಿಂದ ದ್ವೀಪದ ಕಾರ್ಖಾನೆಯಲ್ಲಿ ಹಣ್ಣಿನ ರಸ ತಯಾರಾಗುತ್ತದೆ. ವೆನಿಲ್ಲಾ ಬಳ್ಳಿಗೆ ಇಲ್ಲಿ ಸಹಜ ಪರಾಗಸ್ಪರ್ಶಿ ಕೀಟಗಳಿಲ್ಲವಾದ್ದರಿಂದ ಪ್ರತಿಯೊಂದು ಹೂವಿಗೂ ಕೈಯಿಂದಲೇ ಪರಾಗಸ್ಪರ್ಶ ಮಾಡಲಾಗುತ್ತದೆ. ಪಪೆತೊವಾಯಿಯಲ್ಲಿರುವ ಎಂಟು ಮೂಲೆಯ ಪ್ರಾಟೆಸ್ಟಂಟ್ ಚರ್ಚನ್ನು ಹಳೆಯ ಮರಾಯೆಯೊಂದರ ಜಾಗದಲ್ಲಿ 1820ರ ದಶಕದಲ್ಲಿ ಕಟ್ಟಿ, 19ನೆಯ ಶತಮಾನದ ಕೊನೆಯಲ್ಲಿ ಪುನರ್ನಿರ್ಮಿಸಲಾಯಿತು.

ತಿಮಿಂಗಿಲ ಮತ್ತು ಡಾಲ್ಫಿನ್ ವೀಕ್ಷಣೆ

ಜುಲೈನಿಂದ ನವೆಂಬರ್‌ವರೆಗೆ ಗೂನುಬೆನ್ನಿನ ತಿಮಿಂಗಿಲಗಳು ಅಂಟಾರ್ಕ್ಟಿಕ್ ಕಡಲಿನಿಂದ ಮರಿ ಹಾಕಲು ಹಾಗೂ ಜೊತೆಗೂಡಲು ಈ ಬೆಚ್ಚನೆಯ ನೀರಿಗೆ ಬರುತ್ತವೆ. ಫ್ರೆಂಚ್ ಪಾಲಿನೇಷಿಯಾದ ಕಡಲ ಪ್ರದೇಶವನ್ನು 2002ರಲ್ಲಿ ಕಡಲ ಸಸ್ತನಿಗಳ ಅಭಯಧಾಮವೆಂದು ಘೋಷಿಸಲಾಗಿದೆ. ಅನುಮತಿ ಪಡೆದ ನಿರ್ವಾಹಕರು ಮಾತ್ರ ವೀಕ್ಷಣಾ ವಿಹಾರ ನಡೆಸಬಹುದು. ದೋಣಿಗಳ ಅಂತರ ಮತ್ತು ವೇಗಕ್ಕೆ ನಿಯಮಗಳಿವೆ. ಸ್ಪಿನ್ನರ್ ಡಾಲ್ಫಿನ್‌ಗಳು ರಾತ್ರಿ ಹೊರಸಾಗರದಲ್ಲಿ ಬೇಟೆಯಾಡಿ ಹಗಲಿನಲ್ಲಿ ದಡದ ಸಮೀಪ ವಿಶ್ರಮಿಸುತ್ತವೆ. ತೀರವಿಹಾರದ ದೋಣಿಗಳು ಸಂಚರಿಸುವುದೂ ಇದೇ ಹಗಲಿನ ವೇಳೆಯಲ್ಲಾದ್ದರಿಂದ ಅವುಗಳ ವಿಶ್ರಾಂತಿಗೆ ಭಂಗ ಬರುವ ಸಾಧ್ಯತೆಯಿದೆ.

ಊಟ ಮತ್ತು ಸಂಸ್ಕೃತಿ

ವಿಹಾರದ ಊಟದಲ್ಲಿ 'ಇಯಾ ಓಟಾ' ಪ್ರಧಾನ ಖಾದ್ಯ. ಹಸಿ ಮೀನಿನ ತುಂಡುಗಳನ್ನು ನಿಂಬೆರಸದಲ್ಲಿ ನೆನೆಸಿ, ತೆಂಗಿನ ಹಾಲು ಮತ್ತು ತರಕಾರಿ ಬೆರೆಸಿ ಇದನ್ನು ತಯಾರಿಸುತ್ತಾರೆ. ನೆಲದಲ್ಲಿ ತೋಡಿದ ಕುಳಿಯಲ್ಲಿ ಕಾದ ಕಲ್ಲುಗಳ ಮೇಲೆ ಎಲೆ ಮುಚ್ಚಿ ಬೇಯಿಸುವ ಒಲೆಗೆ 'ಅಹಿಮಾಆ' ಎಂದು ಹೆಸರು. ಹಂದಿಮಾಂಸ, ಜೀಗುಜ್ಜೆ (ದೀವಿಹಲಸು), ಕೆಸುವಿನ ಗಡ್ಡೆ, ಬಾಳೆಕಾಯಿಗಳನ್ನು ಇದರಲ್ಲಿ ಬೇಯಿಸುತ್ತಾರೆ. ತೆಂಗಿನಕಾಯಿ ಸುಲಿಯುವುದು, ಪರೆಯು ಉಡುವ ಬಗೆ, ತೆಂಗಿನ ಗರಿಯ ಹೆಣಿಗೆ ಹಾಗೂ ತಾಹಿತಿ ನೃತ್ಯದ ಪ್ರದರ್ಶನಗಳು ಕೆಲವು ವಿಹಾರಗಳ ಭಾಗವಾಗಿರುತ್ತವೆ.

ಪರಿಸರದ ಮೇಲಿನ ಪರಿಣಾಮ

ಹವಳದ ಸ್ಥಿತಿ

ಮೂರೆಯಾದ ಹವಳದ ದಿಬ್ಬವು ಜಗತ್ತಿನಲ್ಲಿ ಅತಿ ಹೆಚ್ಚು ಅಧ್ಯಯನಕ್ಕೊಳಗಾದ ದಿಬ್ಬಗಳಲ್ಲಿ ಒಂದು. ಫ್ರಾನ್ಸಿನ ಕ್ರಿಯೋಬ್ ಸಂಶೋಧನಾ ಕೇಂದ್ರವು 1971ರಿಂದಲೂ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗಂಪ್ ಸಂಶೋಧನಾ ಕೇಂದ್ರವು 1980ರ ದಶಕದಿಂದಲೂ ಇಲ್ಲಿ ಕೆಲಸ ಮಾಡುತ್ತಿವೆ. 2006ರ ನಂತರದ ವರ್ಷಗಳಲ್ಲಿ ಹವಳವನ್ನು ತಿನ್ನುವ ಮುಳ್ಳುಕಿರೀಟ ನಕ್ಷತ್ರಮೀನುಗಳ ಸಂಖ್ಯೆ ಮಿತಿಮೀರಿತು. 2010ರ ಫೆಬ್ರವರಿಯಲ್ಲಿ ಓಲಿ ಚಂಡಮಾರುತವು ಉಳಿದಿದ್ದ ಹವಳದ ಅಸ್ಥಿಪಂಜರಗಳನ್ನು ಕಿತ್ತುಹಾಕಿತು. ಹೊರ ದಿಬ್ಬದಲ್ಲಿ ಜೀವಂತ ಹವಳದ ಪ್ರಮಾಣ ಶೇ. 5ಕ್ಕಿಂತ ಕೆಳಗಿಳಿಯಿತು. ಮುಂದಿನ ದಶಕದಲ್ಲಿ ಹವಳವು ಗಮನಾರ್ಹವಾಗಿ ಚೇತರಿಸಿಕೊಂಡಿತಾದರೂ 2019ರಲ್ಲಿ ಕಡಲ ನೀರು ಬಿಸಿಯೇರಿ ಬಿಳಿಚುವಿಕೆ ಸಂಭವಿಸಿತು.

ಈ ದೊಡ್ಡ ಹಾನಿಗಳು ಪ್ರವಾಸಿಗರಿಂದ ಉಂಟಾದವುಗಳಲ್ಲ. ಆದರೆ ಹೊಡೆತ ತಿಂದ ಹವಳ ಮತ್ತೆ ಬೆಳೆಯಬೇಕಾದರೆ ನೀರು ಶುದ್ಧವಾಗಿರಬೇಕು ಹಾಗೂ ಪಾಚಿಯನ್ನು ಮೇಯುವ ಮೀನುಗಳು ಸಾಕಷ್ಟಿರಬೇಕು. ಲಂಗರಿನ ಸರಪಳಿ, ಕಾಲ್ತುಳಿತ, ಕೊಳಚೆ ನೀರು ಹಾಗೂ ಕಲಕಿದ ಮಣ್ಣು ಈ ಚೇತರಿಕೆಗೆ ಅಡ್ಡಿಯಾಗುತ್ತವೆ. ತೀರವಿಹಾರದ ನಿಯಂತ್ರಣವು ಮುಖ್ಯವಾಗುವುದು ಈ ಅಂಶದಲ್ಲಿಯೇ.

ಪ್ರಾಣಿಗಳಿಗೆ ಆಹಾರ ನೀಡುವುದು

ತೊರಕೆ ಮೀನು ಮತ್ತು ಶಾರ್ಕ್‌ಗಳು ಒಂದೇ ಸ್ಥಳದಲ್ಲಿ ಗುಂಪುಗೂಡಲು ದೀರ್ಘಕಾಲದಿಂದ ಅಲ್ಲಿ ಮೀನಿನ ತುಂಡುಗಳನ್ನು ಹಾಕುತ್ತ ಬಂದಿರುವುದು ಕಾರಣವಾಗಿದೆ. ಆಹಾರದ ಆಸೆಗೆ ಪ್ರಾಣಿಗಳು ದೋಣಿಯ ಸದ್ದಿಗೆ ಒಗ್ಗಿಕೊಳ್ಳುತ್ತವೆ. ಸಹಜ ಬೇಟೆಯ ಕ್ರಮ ಬದಲಾಗುತ್ತದೆ. ಮನುಷ್ಯರಿಗೆ ಕಚ್ಚುವ ಸಂಭವವೂ ಹೆಚ್ಚುತ್ತದೆ. ಆದುದರಿಂದ ಶಾರ್ಕ್‌ಗಳಿಗೆ ಆಹಾರ ನೀಡುವುದರ ಮೇಲೆ ನಿರ್ಬಂಧಗಳನ್ನು ವಿಧಿಸಲಾಗಿದೆ. ಫ್ರೆಂಚ್ ಪಾಲಿನೇಷಿಯಾದಲ್ಲಿ 2006ರಿಂದ ಶಾರ್ಕ್ ಬೇಟೆಗೆ ನಿಷೇಧವಿದ್ದು, ಆಗ ಹೊರಗುಳಿದಿದ್ದ ಮಾಕೊ ಶಾರ್ಕನ್ನೂ 2012ರಲ್ಲಿ ಸೇರಿಸಲಾಯಿತು. ಜೀವಂತ ಶಾರ್ಕ್ ಪ್ರವಾಸೋದ್ಯಮಕ್ಕೆ ತರುವ ಆದಾಯವು ಈ ರಕ್ಷಣೆಗೆ ಜನಬೆಂಬಲ ದೊರಕಿಸಿದೆ ಎಂಬುದೂ ನಿಜ. ಹೀಗಾಗಿ ತೀರವಿಹಾರವು ಒಂದೇ ಪ್ರಾಣಿಗೆ ರಕ್ಷಣೆಯೂ ಒತ್ತಡವೂ ಆಗಿದೆ.

ಹೊರಗಿನ ಜೀವಿಗಳು

ಹೊರಗಿನಿಂದ ಬಂದ ಜೀವಿಗಳು ದ್ವೀಪಕ್ಕೆ ತರಬಹುದಾದ ಹಾನಿಗೆ ಪಾರ್ಟುಲಾ ಬಸವನಹುಳುಗಳ ಪ್ರಕರಣವು ಪಠ್ಯಪುಸ್ತಕಗಳಲ್ಲಿ ಉದಾಹರಿಸಲಾಗುವ ನಿದರ್ಶನವಾಗಿದೆ. ಬೆಳೆಗಳಿಗೆ ಹಾನಿ ಮಾಡುತ್ತಿದ್ದ ಆಫ್ರಿಕಾದ ದೈತ್ಯ ಬಸವನಹುಳುವನ್ನು ನಿಯಂತ್ರಿಸಲು 1977ರಲ್ಲಿ ಯೂಗ್ಲಾಂಡಿನಾ ಎಂಬ ಮಾಂಸಾಹಾರಿ ಬಸವನಹುಳುವನ್ನು ಮೂರೆಯಾಕ್ಕೆ ತರಲಾಯಿತು. ಆಫ್ರಿಕಾದ ಈ ದೈತ್ಯ ಹುಳು ಕೊಡಗಿನ ಕಾಫಿ ತೋಟಗಳಲ್ಲಿಯೂ ಪಿಡುಗಾಗಿ ಕಾಣಿಸಿಕೊಂಡಿದೆ. ತಂದ ಜೀವಿಯು ದೈತ್ಯ ಹುಳುವನ್ನು ಬಿಟ್ಟು ದ್ವೀಪಕ್ಕೇ ವಿಶಿಷ್ಟವಾಗಿದ್ದ ಪಾರ್ಟುಲಾ ಹುಳುಗಳನ್ನು ತಿನ್ನತೊಡಗಿತು. ಸುಮಾರು ಹತ್ತು ವರ್ಷಗಳಲ್ಲಿ ಅವು ಕಾಡಿನಿಂದ ಕಣ್ಮರೆಯಾದವು. ವಿಜ್ಞಾನಿಗಳು ಮೊದಲೇ ಸಂಗ್ರಹಿಸಿದ್ದ ಕೆಲವು ಹುಳುಗಳ ಸಂತತಿಯನ್ನು ವಿದೇಶಿ ಮೃಗಾಲಯಗಳಲ್ಲಿ ಉಳಿಸಿಕೊಂಡು, ಇತ್ತೀಚಿನ ವರ್ಷಗಳಲ್ಲಿ ಮರಳಿ ದ್ವೀಪಕ್ಕೆ ಬಿಡಲಾಗುತ್ತಿದೆ. ಹೊರಗಿನಿಂದ ಹಣ್ಣು, ಸಸ್ಯ ಅಥವಾ ಮಣ್ಣನ್ನು ತರಲು ಇರುವ ನಿರ್ಬಂಧಗಳ ಹಿನ್ನೆಲೆಯಲ್ಲಿ ಇಂತಹ ಅನುಭವಗಳಿವೆ.

ನಿರ್ವಹಣೆ ಮತ್ತು ಸಂಖ್ಯೆಯ ಪ್ರಶ್ನೆ

ಲಗೂನ್‌ನಲ್ಲಿ ಮೀನುಗಾರರು, ಹೋಟೆಲುಗಳು, ದೋಣಿ ನಿರ್ವಾಹಕರು ಹಾಗೂ ಸಂಶೋಧಕರ ಹಿತಾಸಕ್ತಿಗಳು ಘರ್ಷಿಸುವುದರಿಂದ, ದೀರ್ಘ ಸಮಾಲೋಚನೆಯ ನಂತರ 2004ರಲ್ಲಿ ಕಡಲ ಪ್ರದೇಶ ನಿರ್ವಹಣಾ ಯೋಜನೆಯನ್ನು ಜಾರಿಗೊಳಿಸಲಾಯಿತು. ಫ್ರೆಂಚ್ ಹೆಸರಿನ ಮೊದಲಕ್ಷರಗಳಿಂದ ಇದು ಪಿಜಿಇಎಂ ಎಂದು ಪರಿಚಿತವಾಗಿದೆ. ಇದರಡಿ ಎಂಟು ಸಂರಕ್ಷಿತ ಕಡಲ ಪ್ರದೇಶಗಳನ್ನು ಗುರುತಿಸಲಾಯಿತು. ಯೋಜನೆಯನ್ನು 2021ರಲ್ಲಿ ಪರಿಷ್ಕರಿಸಲಾಯಿತು. ಪಾಲಿನೇಷಿಯನ್ ಸಮಾಜದಲ್ಲಿ ಒಂದು ಜಾಗದ ಅಥವಾ ಒಂದು ಜಾತಿಯ ಮೀನಿನ ಬಳಕೆಯನ್ನು ನಿರ್ದಿಷ್ಟ ಕಾಲ ನಿಷೇಧಿಸುವ 'ರಾಹುಯಿ' ಎಂಬ ಪದ್ಧತಿ ಹಿಂದಿನಿಂದಲೂ ಇತ್ತು. ನಿಷೇಧದ ಅಧಿಕಾರ ಮುಖ್ಯಸ್ಥರದ್ದಾಗಿತ್ತು. ಆಧುನಿಕ ಸಂರಕ್ಷಿತ ಪ್ರದೇಶದ ಕಲ್ಪನೆಯು ಈ ಪದ್ಧತಿಗೆ ಹತ್ತಿರವಾದರೂ, ಹೊಸ ಗಡಿಗಳಿಂದ ತಮ್ಮ ಮೀನುಗಾರಿಕೆಯ ಜಾಗ ಕಡಿಮೆಯಾಗಿ ಪ್ರವಾಸಿಗರಿಗೆ ಅನುಕೂಲವಾಯಿತು ಎಂಬ ಅಸಮಾಧಾನ ಮೀನುಗಾರರಲ್ಲಿ ವ್ಯಕ್ತವಾಗಿದೆ.

ಹಡಗುಗಳ ಗಾತ್ರವು ಇನ್ನೊಂದು ವಿವಾದದ ವಿಷಯ. 330 ಪ್ರಯಾಣಿಕರ ಹಡಗು ಬಂದಾಗ ಮೂರೆಯಾದ ಜನಸಂಖ್ಯೆಗೆ ಶೇ. 2ರಷ್ಟು ಮಂದಿ ಸೇರಿದಂತಾಗುತ್ತದೆ. 2,000 ಪ್ರಯಾಣಿಕರ ಹಡಗು ಬಂದರೆ ಪ್ರತಿ ಎಂಟು ಅಥವಾ ಒಂಬತ್ತು ನಿವಾಸಿಗಳಿಗೆ ಒಬ್ಬ ಪ್ರವಾಸಿಯಂತಾಗುತ್ತದೆ. ಇವರೆಲ್ಲರೂ ಇಡೀ ದ್ವೀಪದಲ್ಲಿ ಹಂಚಿಹೋಗದೆ ಒಂದೇ ಗ್ರಾಮದ ಜೆಟ್ಟಿಯಲ್ಲಿ, ಒಂದೇ ರಸ್ತೆಯಲ್ಲಿ, ಲಗೂನ್‌ನ ಒಂದೇ ಮರಳು ದಿಬ್ಬದ ಸುತ್ತ ಸೇರುತ್ತಾರೆ. ಸಾರ್ವಜನಿಕ ಕಡಲತೀರಗಳ ಸಂಖ್ಯೆಯೂ ಕಡಿಮೆ. ಈಶಾನ್ಯದ ತೆಮಾಯೆ, ಒಪುನೊಹು ಕೊಲ್ಲಿಯ ತಾಹಿಯಾಮಾನು ಇವುಗಳಲ್ಲಿ ಪ್ರಮುಖವಾಗಿದ್ದು, ಸ್ಥಳೀಯ ಕುಟುಂಬಗಳೂ ಇವನ್ನೇ ಅವಲಂಬಿಸಿವೆ.

ನೆರೆಯ ಬೋರಾ ಬೋರಾ ದ್ವೀಪದಲ್ಲಿ 2022ರಿಂದ ದಿನಕ್ಕೆ 1,200 ಕ್ರೂಸ್ ಪ್ರಯಾಣಿಕರ ಮಿತಿಯನ್ನು ನಿಗದಿಪಡಿಸಲಾಗಿದೆ. ಚಿಕ್ಕ ಹಡಗುಗಳಿಗೆ ಆದ್ಯತೆ ನೀಡಬೇಕೆಂಬ ಅಭಿಪ್ರಾಯ ಮೂರೆಯಾದ ನಿವಾಸಿಗಳಲ್ಲಿಯೂ ಇದೆ. ದೊಡ್ಡ ಹಡಗಿನ ಪ್ರಯಾಣಿಕರು ಊಟ ಮತ್ತು ವಸತಿಗೆ ಹಡಗನ್ನೇ ಅವಲಂಬಿಸುವುದರಿಂದ, ದ್ವೀಪದಲ್ಲಿ ರಾತ್ರಿ ತಂಗುವ ಪ್ರವಾಸಿಗರಿಗೆ ಹೋಲಿಸಿದರೆ ಅವರಿಂದಾಗುವ ವೆಚ್ಚ ಕಡಿಮೆ ಎಂಬುದು ಈ ವಾದದ ತಿರುಳು. ಪ್ರತಿಯಾಗಿ, ಸ್ವಂತ ದೋಣಿಯೊಂದನ್ನೇ ಬಂಡವಾಳವಾಗಿಸಿಕೊಂಡ ಕುಟುಂಬಗಳಿಗೆ ಹಾಗೂ ಕರಕುಶಲ ಕೆಲಸ ಮಾಡುವ ಮಹಿಳೆಯರಿಗೆ ಹಡಗಿನ ದಿನವೇ ಮುಖ್ಯ ಸಂಪಾದನೆಯ ದಿನವಾಗಿರುತ್ತದೆ ಎಂಬುದು ಇನ್ನೊಂದು ವಾದ.

ಪ್ರವಾಸಿಗರಿಗೆ ಉಪಯುಕ್ತ ಮಾಹಿತಿ

ದ್ವೀಪದ ಸಮಯವು ಭಾರತೀಯ ಕಾಲಮಾನಕ್ಕಿಂತ 15 ಗಂಟೆ 30 ನಿಮಿಷ ಹಿಂದಿದೆ. ಭಾರತದಲ್ಲಿ ಮಧ್ಯಾಹ್ನ 12 ಗಂಟೆಯಾದಾಗ ಮೂರೆಯಾದಲ್ಲಿ ಹಿಂದಿನ ದಿನದ ರಾತ್ರಿ 8.30 ಆಗಿರುತ್ತದೆ. ಫ್ರೆಂಚ್ ಪಾಲಿನೇಷಿಯಾ ಫ್ರಾನ್ಸಿಗೆ ಸೇರಿದ್ದರೂ ಶೆಂಗೆನ್ ವಲಯದ ಭಾಗವಲ್ಲ. ಆದ್ದರಿಂದ ಭಾರತೀಯ ಪ್ರಜೆಗಳು ವೀಸಾ ಪಡೆಯುವಾಗ ಈ ಪ್ರದೇಶಕ್ಕೆ ಅದು ಅನ್ವಯಿಸುತ್ತದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕಾಗುತ್ತದೆ. ಇಲ್ಲಿನ ನಾಣ್ಯವಾದ ಪೆಸಿಫಿಕ್ ಫ್ರಾಂಕ್‌ನ ಮೌಲ್ಯವನ್ನು ಯೂರೋಗೆ ಸ್ಥಿರವಾಗಿ ಜೋಡಿಸಲಾಗಿದ್ದು, 1,000 ಫ್ರಾಂಕ್ 8.38 ಯೂರೋಗಳಿಗೆ ಸಮ. ಫ್ರೆಂಚ್ ಮತ್ತು ತಾಹಿತಿ ಭಾಷೆಗಳು ಬಳಕೆಯಲ್ಲಿವೆ. ಪ್ರವಾಸೋದ್ಯಮದಲ್ಲಿರುವವರು ಇಂಗ್ಲಿಷನ್ನೂ ಬಲ್ಲರು. ಬಕ್ಷೀಸು ನೀಡುವುದು ಸ್ಥಳೀಯ ಸಂಪ್ರದಾಯವಲ್ಲ.

ಹವಳ ಮತ್ತು ಕಡಲಮುಳ್ಳುಗಳಿಂದ ಗಾಯವಾಗದಂತೆ ನೀರಿನಲ್ಲಿ ರಬ್ಬರ್ ಪಾದರಕ್ಷೆ ಧರಿಸುವುದು ವಾಡಿಕೆ. ಕಲ್ಲಿನಂತೆ ಕಾಣುವ ಕಲ್ಲುಮೀನಿನ ಮುಳ್ಳು ತೀವ್ರ ವಿಷಕಾರಿ. ಉಷ್ಣವಲಯದ ಬಿಸಿಲು ಪ್ರಖರವಾಗಿರುವುದರಿಂದ ಉದ್ದ ತೋಳಿನ ಈಜುಡುಗೆ ಉಪಯುಕ್ತ. ಡೆಂಗಿ ಜ್ವರದ ಸಂಭವವಿರುವುದರಿಂದ ಕಣಿವೆಯ ವಿಹಾರಗಳಲ್ಲಿ ಸೊಳ್ಳೆಗಳಿಂದ ರಕ್ಷಣೆ ಅಗತ್ಯ. ಹವಳವನ್ನು ಮುಟ್ಟುವುದು, ಮುರಿಯುವುದು, ಅದರ ಮೇಲೆ ನಿಲ್ಲುವುದು ಸಲ್ಲದು. ದ್ವೀಪದಲ್ಲಿ ಸಾರ್ವಜನಿಕ ಬಸ್ಸುಗಳೂ ಟ್ಯಾಕ್ಸಿಗಳೂ ಕಡಿಮೆ ಇರುವುದರಿಂದ, ಸ್ವತಂತ್ರವಾಗಿ ತಿರುಗಾಡುವವರು ಕೊನೆಯ ಟೆಂಡರ್ ಹೊರಡುವ ವೇಳೆಗೆ ಸಾಕಷ್ಟು ಮೊದಲೇ ಜೆಟ್ಟಿ ತಲುಪುವಂತೆ ಯೋಜಿಸಿಕೊಳ್ಳುವುದು ಸೂಕ್ತ.

ಇವನ್ನೂ ನೋಡಿ

ತಾಹಿತಿ
ಬೋರಾ ಬೋರಾ
ಫ್ರೆಂಚ್ ಪಾಲಿನೇಷಿಯಾ
ಹವಳದ ದಿಬ್ಬ
ಜೇಮ್ಸ್ ಕುಕ್
ಪರಿಸರ ಪ್ರವಾಸೋದ್ಯಮ